ಮೊಮ್ಮಗಳ ಎಡಗಣ್ಣು

ಕಣ್ಣಿನ ಬಗ್ಗೆ ನಮ್ಮವರು ಎಷ್ಟು ಮಾತನಾಡುತ್ತಾರೋ ಅದರಲ್ಲಿ ನೂರಕ್ಕೊಂದು ಪಾಲು ಕೂಡ ರೆಪ್ಪೆಯ ಬಗ್ಗೆ ಮಾತನಾಡುವುದಿಲ್ಲ. 'ಕಣ್ಣರೆಪ್ಪೆಯ ಹಾಗೆ ಕಾಪಾಡಿದೆವು' ಎಂದು ಹೇಳಿಕೊಳ್ಳುವಾಗ ಮಾತ್ರ ಅದರ ನೆನಪು. ನಿಮಿ ಎಂಬ ಅರಸು ದೇಹವನ್ನು ಕಳೆದುಕೊಂಡ ಮೇಲೆ ಎಲ್ಲರ ಕಣ್ಣರೆಪ್ಪೆಗಳಲ್ಲಿ ನೆಲೆಸಿದನೆಂದೂ, ಅವನಿಂದಲೇ 'ನಿಮಿಷ' ಎಂಬ ಮಾತು ಬಂದಿತೆಂದೂ ಪುರಾಣದಲ್ಲಿ ಓದಿದ್ದೇವೆ. ದೇವತೆಗಳಿಗೆ ರೆಪ್ಪೆ ಮಿಟುಕಿಸುವ ಕೆಲಸವಿಲ್ಲ, ಅವರು ಅನಿಮಿಷರು. ಆದರೆ ಮನುಷ್ಯರಿಗೆ ರೆಪ್ಪೆ ಮುಚ್ಚಲೂಬೇಕು, ತೆರೆಯಲೂಬೇಕು. ಮುಚ್ಚಿದ ರೆಪ್ಪೆ ತೆರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಅರವತ್ತು ದಾಟಿದ ನಮ್ಮಿಬ್ಬರಿಗೆ ಕಲಿಸಿದವಳು ನಮ್ಮ ಮೊಮ್ಮಗಳು.

ಅವಳು ಹುಟ್ಟಿದ್ದು 2020ರ ಫೆಬ್ರವರಿ ಮೊದಲ ವಾರದಲ್ಲಿ, ಮುಂಬಯಿಯಲ್ಲಿ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗು ಮೂರು ಕಿಲೋ ತೂಗಿತು, ಗಟ್ಟಿಯಾಗಿ ಅತ್ತಿತು, ನಾವು ಪೇಢೆ ಹಂಚಿದೆವು. ಮರುದಿನ ಬಲಗಣ್ಣು ತೆರೆಯಿತು. ಎಡಗಣ್ಣು ತೆರೆಯಲಿಲ್ಲ. ನರ್ಸು ಮಗುವನ್ನು ಒರೆಸುತ್ತ, 'ಹೆರಿಗೆಯಲ್ಲಿ ಮುಖ ಒತ್ತಿದ್ದರಿಂದ ಬಾವು ಬಂದಿದೆ, ಎರಡು ದಿನದಲ್ಲಿ ಇಳಿಯುತ್ತದೆ' ಎಂದಳು. ಅವಳು ಸುಳ್ಳು ಹೇಳಲಿಲ್ಲ. ಹೆರಿಗೆಯ ಬಾವಿನಿಂದ ಕೂಸುಗಳ ಕಣ್ಣು ಮುಚ್ಚಿಕೊಂಡಿರುವುದೂ, ಕೆಲವು ದಿನಗಳಲ್ಲಿ ಅದು ಇಳಿದು ಕಣ್ಣು ತೆರೆಯುವುದೂ ಉಂಟು. ಆದರೆ ಇವಳ ರೆಪ್ಪೆಯಲ್ಲಿ ಬಾವು ಇರಲಿಲ್ಲ. ರೆಪ್ಪೆ ತೆಳ್ಳಗೆ, ನುಣ್ಣಗೆ, ಒಂದು ಮಡಿಕೆಯೂ ಇಲ್ಲದೆ ಇಳಿಬಿದ್ದಿತ್ತು. ಬಲಗಣ್ಣಿನ ಮೇಲೆ ಎಲ್ಲರಿಗೂ ಇರುವ ಸಣ್ಣ ಗೆರೆ ಎಡಗಣ್ಣಿನ ಮೇಲೆ ಇರಲೇ ಇಲ್ಲ. ಇದನ್ನೆಲ್ಲ ನಾವು ಆಗ ನೋಡಿದ್ದೆವು. ಆದರೆ ನೋಡಿದ್ದರ ಅರ್ಥ ಗೊತ್ತಾಗಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ನೆಂಟರು ಸೇರಿದರು. ಬೀಗಿತ್ತಿ ಧಾರವಾಡದಿಂದ ಬಂದಿದ್ದರು. ಮಗುವನ್ನು ಎತ್ತಿಕೊಂಡವರು ಸ್ವಲ್ಪ ಹೊತ್ತು ಮುಖವನ್ನೇ ನೋಡಿ, ಮಗಳಿಗೆ ಕೇಳುವಂತೆ ನಮ್ಮನ್ನು ಕೇಳಿದರು:

'ಗ್ರಹಣದ ದಿನಾ ಇಕಿ ಹೊರಗ ಹೋಗಿದ್ಲೇನ್ರಿ?'

2019ರ ಡಿಸೆಂಬರ್ 26ರಂದು ಬೆಳಿಗ್ಗೆ ಸೂರ್ಯಗ್ರಹಣವಾಗಿತ್ತು. ಕಾಸರಗೋಡಿನ ಕಡೆ ಕಂಕಣದ ಹಾಗೆ ಕಂಡ ಆ ಗ್ರಹಣ ಮುಂಬಯಿಯಲ್ಲಿ ಪಾರ್ಶ್ವವಾಗಿ ಕಂಡಿತ್ತು. ಅಂದು ಗುರುವಾರ. ಮಗಳು ಎಂದಿನಂತೆ ಲೋಕಲ್ ಹಿಡಿದು ಆಫೀಸಿಗೆ ಹೋಗಿದ್ದಳು. ಹೋಗುವ ಮುಂಚೆ ಡಬ್ಬಿಗೆಂದು ಬದನೆಕಾಯಿ ಹೆಚ್ಚಿದ್ದಳು. 'ರಜಾ ಇರಲಿಲ್ಲ' ಎಂದಷ್ಟೇ ಹೇಳಿ ಅವಳು ಸುಮ್ಮನಾದಳು. ಬೀಗಿತ್ತಿಯೂ ಮತ್ತೇನೂ ಕೇಳಲಿಲ್ಲ. ಅವರು ಕೆಟ್ಟವರಲ್ಲ, ತಾವು ಕೇಳುತ್ತ ಬಂದಿದ್ದನ್ನೇ ಕೇಳಿದರು. ಆದರೆ ಆ ರಾತ್ರಿ ಮಗಳು ಮೊಲೆಯೂಡಿಸುತ್ತ, 'ಅಪ್ಪಾ, ನಾನ ಮಾಡಿದ್ದೇನು ಇದು?' ಎಂದು ಕೇಳಿದಾಗ ನಮ್ಮಿಬ್ಬರಿಗೂ ಉತ್ತರ ತೋಚಲಿಲ್ಲ. ಉತ್ತರ ತೋಚಲಿಲ್ಲ ಎಂದು ಬರೆಯುವುದು ಪೂರ್ತಿ ನಿಜವಲ್ಲ. ಒಂದು ಉತ್ತರ ನಮಗೆ ತೋಚಿತ್ತು. ಅದನ್ನು ನಾವು ಹೇಳಲಿಲ್ಲ.

ನಮ್ಮ ಊರ ಮನೆಯಲ್ಲಿ ಒಬ್ಬ ಕಾಕಾ ಇದ್ದರು. ಅವರ ಎಡರೆಪ್ಪೆಯೂ ಹುಟ್ಟಿನಿಂದ ಹೀಗೆಯೇ ಇಳಿಬಿದ್ದಿತ್ತು. ಊರಿನಲ್ಲಿ ಅವರನ್ನು ಒಕ್ಕಣ್ಣ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವರು ಯಾವಾಗಲೂ ಗದ್ದವನ್ನು ಮೇಲೆತ್ತಿ, ಹುಬ್ಬು ಏರಿಸಿ ನೋಡುತ್ತಿದ್ದರು. ಹಾಗಾಗಿ 'ಭಾಳ ಸೊಕ್ಕಿನಾಂವ, ಆಕಾಶಾ ನೋಡಿಕೋತ ನಡೀತಾನ' ಎಂಬ ಮಾತೂ ಅಂಟಿಕೊಂಡಿತ್ತು. ಸೊಕ್ಕು ಎಂಬುದು ಅವರಲ್ಲಿ ಇದ್ದಿದ್ದನ್ನು ನಾವು ಕಾಣೆವು. ಮದುವೆಗೆ ನಾಲ್ಕೈದು ಕಡೆ ಹೆಣ್ಣು ನೋಡಿ, ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂದ ಮೇಲೆ ಅವರು ಹೊಲವೇ ಸಂಸಾರವೆಂದು ಇದ್ದುಬಿಟ್ಟರು.

1974ರಲ್ಲಿ ತಾಲೂಕು ಊರಿನಲ್ಲಿ ಒಂದು ನೇತ್ರ ಶಿಬಿರವಾಯಿತು. ಅದು ಡಾ. ಎಂ. ಸಿ. ಮೋದಿಯವರ ಹೆಸರು ಮನೆಮನೆಯಲ್ಲಿದ್ದ ಕಾಲ. ಅವರ ಶಿಬಿರಗಳಿಂದ ಸಾವಿರಾರು ಜನ ಪೊರೆ ತೆಗೆಸಿಕೊಂಡು ಕಣ್ಣು ಪಡೆದ ಸುದ್ದಿ ಕೇಳಿ, ಕಣ್ಣಿನ ಶಿಬಿರ ಎಂದರೆ ಯಾರದೇ ಇರಲಿ, ಜನ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದರು. ನಮ್ಮಲ್ಲೊಬ್ಬರು ಆಗ ಕಾಲೇಜಿನ ಹುಡುಗ. ಕಾಕಾರನ್ನು ಕರೆದುಕೊಂಡು ಹೋಗಿದ್ದೂ ಅವರೇ. ಅಲ್ಲಿದ್ದ ವೈದ್ಯರು ರೆಪ್ಪೆಯನ್ನು ಬೆರಳಿನಿಂದ ಎತ್ತಿ, ಟಾರ್ಚು ಹಾಕಿ ನೋಡಿ ಹೇಳಿದರು: 'ಇವರಿಗೆ ಪೊರೆ ಇಲ್ಲ. ಕಣ್ಣುಗುಡ್ಡೆ ಸರಿಯಾಗಿದೆ. ಆದರೆ ಈಗ ರೆಪ್ಪೆ ಎತ್ತಿ ಕಟ್ಟಿದರೂ ನೋಟ ಬರುವುದಿಲ್ಲ. ಚಿಕ್ಕಂದಿನಲ್ಲೇ ಮಾಡಬೇಕಾಗಿತ್ತು.' ಕಣ್ಣು ಸರಿಯಾಗಿದೆ, ಆದರೆ ನೋಟ ಬರುವುದಿಲ್ಲ ಎಂಬ ಮಾತು ನಮಗೆ ಒಗಟಾಗಿ ಉಳಿಯಿತು. ಕಾಕಾ ಅದನ್ನು ಒಡೆಯುವ ಗೋಜಿಗೆ ಹೋಗದೆ, ಬರುವಾಗ ಸಂತೆಯಲ್ಲಿ ಒಂದು ಹೊಸ ಕುಡುಗೋಲು ಕೊಂಡುಕೊಂಡು ಬಂದರು. ಅವರು ತೀರಿಕೊಂಡಿದ್ದು 1989ರಲ್ಲಿ, ನಮ್ಮ ಮಗಳು ಹುಟ್ಟುವುದಕ್ಕೆ ಮುಂಚೆ.

ಮಕ್ಕಳ ವೈದ್ಯರು ಮೂರನೆಯ ವಾರದಲ್ಲಿ ಮಗುವನ್ನು ನೋಡಿ, ಇದು ಬಾವಲ್ಲ, ಟೋಸಿಸ್ ಎಂದು ಹೇಳಿ ಕಣ್ಣಿನ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಚೀಟಿ ಬರೆಯುವಾಗ, 'ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ?' ಎಂದು ಕೇಳಿದರು. ಅಳಿಯ ಪಕ್ಕದಲ್ಲೇ ನಿಂತಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. 'ಯಾರಿಗೂ ಇಲ್ಲ' ಎಂದೆವು. ಒಬ್ಬರು ಬಾಯಿಬಿಟ್ಟು ಹೇಳಿದರು, ಇನ್ನೊಬ್ಬರು ತಲೆಯಾಡಿಸಿದರು. ದೋಷ ಹೆಣ್ಣಿನ ತವರಿನಿಂದ ಬಂದದ್ದೆಂದು ಬೀಗರ ಮನೆಯಲ್ಲಿ ಮಾತಾದೀತೆಂಬ ಹೆದರಿಕೆ. ಆ ಹೆದರಿಕೆಗೆ ಮಗಳ ನೆಮ್ಮದಿಯನ್ನು ಒತ್ತೆಯಿಟ್ಟೆವು. ಗ್ರಹಣದ ಹೊರೆಯನ್ನು ಅವಳ ತಲೆಯ ಮೇಲೆಯೇ ಬಿಟ್ಟೆವು.

ತಜ್ಞರ ಭೇಟಿ ಮಾರ್ಚ್ ಕೊನೆಯ ವಾರಕ್ಕೆ ಗೊತ್ತಾಯಿತು. ಆ ಮಾರ್ಚಿನ ಕೊನೆಯ ವಾರ ಎಂಥದೆಂಬುದು ಓದುಗರಿಗೆ ತಿಳಿದೇ ಇದೆ. 23ರಿಂದ ಲೋಕಲ್ ಗಾಡಿಗಳು ನಿಂತವು, 25ರಿಂದ ದೇಶವೇ ಬಾಗಿಲು ಹಾಕಿತು. ಆಸ್ಪತ್ರೆಯಿಂದ ಫೋನು ಬಂದು, ತುರ್ತಿನದನ್ನು ಬಿಟ್ಟು ಉಳಿದ ಭೇಟಿಗಳನ್ನು ಮುಂದೆ ಹಾಕಿದ್ದೇವೆ ಎಂದರು. ನಿಜ ಹೇಳಬೇಕೆಂದರೆ ನಮಗೆ ಒಳಗೊಳಗೇ ಸಮಾಧಾನವೇ ಆಯಿತು. ಎರಡು ತಿಂಗಳ ಕೂಸಿಗೆ ಕತ್ತರಿ, ಸೂಜಿ ಎಂದರೆ ಯಾರಿಗೆ ತಾನೆ ಮನಸ್ಸಾದೀತು? 'ದೊಡ್ಡಕಿ ಆದಮ್ಯಾಲ ತಾನ ಸರಿ ಹೋಗ್ತದ' ಎಂದು ನಾವು ಮಗಳಿಗೆ ಹೇಳುತ್ತ ಬಂದೆವು. ಬೀಗಿತ್ತಿ ಫೋನಿನಲ್ಲಿ ಔಡಲೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಲು ಹೇಳಿದರು. ಅದನ್ನೂ ಮಾಡಿದೆವು. ಕಾಡಿಗೆ ಹಚ್ಚುವುದನ್ನು ಮಾತ್ರ ಮಗಳು ಬಿಡಲಿಲ್ಲ. ಸೋಂಕಾದೀತೆಂದು ಮಕ್ಕಳ ವೈದ್ಯರು ಎಚ್ಚರಿಸಿದ್ದರು. ತಿಕ್ಕುವುದರಿಂದ ರೆಪ್ಪೆ ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಏಳುವುದು ಸಾಧ್ಯವೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಆಗಸ್ಟ್ ತಿಂಗಳು. ಮಗು ಬೋರಲು ಬಿದ್ದು ತಲೆಯೆತ್ತುವುದನ್ನು ಕಲಿತಿತ್ತು. ಒಂದು ಸಂಜೆ ಚಾಪೆಯ ಮೇಲೆ ಕೂರಿಸಿ ಗಿಲಕಿ ಆಡಿಸುತ್ತಿದ್ದಾಗ ಅದು ಗದ್ದವನ್ನು ಮೇಲೆತ್ತಿ, ಎಡ ಹುಬ್ಬನ್ನು ಏರಿಸಿ, ತಲೆಯನ್ನು ಹಿಂದಕ್ಕೆ ಚೆಲ್ಲಿ ನಮ್ಮನ್ನು ನೋಡಿತು. ನಾವಿಬ್ಬರೂ ಒಂದೇ ಸಲಕ್ಕೆ ಸುಮ್ಮನಾದೆವು. ಅದು ಕಾಕಾ ನೋಡುತ್ತಿದ್ದ ರೀತಿ. ಅದೇ 'ಸೊಕ್ಕು'. ಏಳು ತಿಂಗಳೂ ತುಂಬದ ಕೂಸಿಗೆ ಸೊಕ್ಕು ಎಲ್ಲಿಂದ ಬರಬೇಕು? ಇಳಿಬಿದ್ದ ರೆಪ್ಪೆಯ ಕೆಳಗಿನ ಸಂದಿಯಿಂದ ಜಗತ್ತನ್ನು ನೋಡಲು ಅದು ಹೆಣಗುತ್ತಿತ್ತು, ಅಷ್ಟೆ. ಕಾಕಾ ಕೂಡ ಜೀವನವಿಡೀ ಮಾಡಿದ್ದು ಅದನ್ನೇ.

ಅಂದು ರಾತ್ರಿ ಮಗಳನ್ನು ಕೂರಿಸಿಕೊಂಡು ಕಾಕಾರ ವಿಷಯ ಹೇಳಿದೆವು. ಹಳೆಯ ಟ್ರಂಕಿನಿಂದ ಅವರಿದ್ದ ಒಂದೇ ಒಂದು ಫೋಟೋ ತೆಗೆದು ತೋರಿಸಿದೆವು. ಮಗಳು ಅದನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. 'ಆರು ತಿಂಗಳ ಯಾಕ ಮುಚ್ಚಿಟ್ರಿ?' ಎಂದಷ್ಟೇ ಕೇಳಿದಳು. ಮರುದಿನ ತಾನೇ ಆಸ್ಪತ್ರೆಗೆ ಫೋನು ಮಾಡಿ, ಮಗು ಗದ್ದವೆತ್ತಿ ನೋಡುತ್ತಿದೆ ಎಂದು ಹೇಳಿದಳು. ಆ ಒಂದು ಮಾತಿಗೆ ಅವರು ಅದೇ ವಾರ ಬರಲು ಹೇಳಿದರು.

ಲೋಕಲ್ ಇನ್ನೂ ಸಾರ್ವಜನಿಕರಿಗೆ ಇರಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಮುಂಬಯಿಗೆ ಹೋದೆವು. ಕಾಯುವ ಕೋಣೆಯಲ್ಲಿ ಒಂದು ಬಿಟ್ಟು ಒಂದು ಕುರ್ಚಿಗೆ ಪಟ್ಟಿ ಅಂಟಿಸಿದ್ದರು. ರೆಪ್ಪೆಯೊಂದಕ್ಕೆ ಎಷ್ಟು ಬಗೆಯ ಕಷ್ಟಗಳಿವೆ ಎಂಬುದು ನಮಗೆ ಅಲ್ಲಿ ಕೂತಾಗ ಗೊತ್ತಾಯಿತು. ಒಂದು ಕೂಸಿನ ಮೇಲಿನ ರೆಪ್ಪೆಯ ಮೇಲೆ ಸ್ಟ್ರಾಬೆರಿ ಹಣ್ಣಿನಂಥ ಕೆಂಪು ಗಂಟು. ರಕ್ತನಾಳಗಳ ಈ ಗಂಟು ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ವರ್ಷದಲ್ಲಿ ಬೆಳೆದು, ಆಮೇಲೆ ತಾನಾಗಿ ಕುಗ್ಗುತ್ತದೆ. ಆದರೆ ಬೆಳೆಯುವ ಕಾಲದಲ್ಲಿ ಕಣ್ಣನ್ನು ಮುಚ್ಚಿಬಿಟ್ಟರೆ ಕಾಯುವಂತಿಲ್ಲ. ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಪ್ರೊಪ್ರನೊಲಾಲ್ ಎಂಬ ಹಳೆಯ ಔಷಧಿ ಇದನ್ನು ಕರಗಿಸುತ್ತದೆಂಬುದನ್ನು 2008ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ವೈದ್ಯರು ಆಕಸ್ಮಿಕವಾಗಿ ಕಂಡುಕೊಂಡರಂತೆ. ಇನ್ನೊಬ್ಬ ತಾಯಿ ತನ್ನ ಮಗನಿಗೆ ಬಾಟಲಿ ಕೊಡುತ್ತಿದ್ದಳು. ಅವನು ಹಾಲು ಚೀಪಿದಂತೆಲ್ಲ ಇಳಿಬಿದ್ದ ರೆಪ್ಪೆ ಟಪಕ್ಕನೆ ಮೇಲೆ ಹಾರುತ್ತಿತ್ತು, ನಿಲ್ಲಿಸಿದರೆ ಇಳಿಯುತ್ತಿತ್ತು. ದವಡೆಗೆ ಹೋಗಬೇಕಾದ ನರದ ಎಳೆ ರೆಪ್ಪೆಯ ಸ್ನಾಯುವಿಗೂ ಸೇರಿಕೊಂಡಿದ್ದರಿಂದ ಹೀಗಾಗುತ್ತದೆ. 1883ರಲ್ಲಿ ಇದನ್ನು ವರ್ಣಿಸಿದ ಮಾರ್ಕಸ್ ಗನ್ ಎಂಬ ವೈದ್ಯರ ಹೆಸರೇ ಇದಕ್ಕೆ ನಿಂತಿದೆ. ಇಂಥದನ್ನು ಮೊದಲು ಕಾಣುವವಳು ಹಾಲೂಡಿಸುವ ತಾಯಿಯೇ.

ನಮ್ಮ ಪಾಳಿ ಬಂತು. ತಜ್ಞೆ ಮರಾಠಿಯ ಯುವತಿ. ಮುಖಕ್ಕೆ ಎರಡು ಪದರದ ಕವಚ, ಆದರೂ ಕಣ್ಣಿನಲ್ಲಿ ನಗು ಇತ್ತು. ಮಗುವಿನ ಹುಬ್ಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಒಂದು ಬಣ್ಣದ ಗೊಂಬೆಯನ್ನು ಕೆಳಗಿನಿಂದ ಮೇಲಕ್ಕೆ ತಂದು, ಸಣ್ಣ ಅಳತೆಪಟ್ಟಿ ಹಿಡಿದು ರೆಪ್ಪೆ ಎಷ್ಟು ಚಲಿಸುತ್ತದೆ ಎಂದು ನೋಡಿದರು. ಹುಬ್ಬನ್ನು ಒತ್ತಿ ಹಿಡಿಯುವುದು ಏಕೆಂದರೆ, ಹಣೆಯ ಸ್ನಾಯು ರೆಪ್ಪೆಗೆ ಕಳ್ಳತನದಿಂದ ಸಹಾಯ ಮಾಡದಿರಲಿ ಎಂದು. ಸರಿಯಾದ ರೆಪ್ಪೆ 12 ಮಿಲಿಮೀಟರಿಗಿಂತ ಹೆಚ್ಚು ಚಲಿಸಬೇಕು. 4ರ ಕೆಳಗಿದ್ದರೆ ಸ್ನಾಯುವಿನಲ್ಲಿ ಶಕ್ತಿಯಿಲ್ಲವೆಂದೇ ಲೆಕ್ಕ. ನಮ್ಮ ಮೊಮ್ಮಗಳದು 2ರ ಆಸುಪಾಸು. ಕಣ್ಣಿನ ಪಾಪೆಯನ್ನು ರೆಪ್ಪೆ ಬಹುಪಾಲು ಮುಚ್ಚಿತ್ತು.

ಮೇಲಿನ ರೆಪ್ಪೆಯನ್ನು ಎತ್ತಲೆಂದೇ ಒಂದು ಸ್ನಾಯು ಇದೆ. ಹುಟ್ಟಿನಿಂದ ರೆಪ್ಪೆ ಇಳಿಬಿದ್ದ ಹೆಚ್ಚಿನ ಮಕ್ಕಳಲ್ಲಿ ಆ ಸ್ನಾಯು ಸರಿಯಾಗಿ ರೂಪುಗೊಂಡಿರುವುದಿಲ್ಲ. ಮಾಂಸದ ಎಳೆಗಳು ಇರಬೇಕಾದಲ್ಲಿ ನಾರೂ ಕೊಬ್ಬೂ ತುಂಬಿರುತ್ತವೆ. ನಾರಿಗೆ ಹಿಗ್ಗುವುದೂ ಗೊತ್ತಿಲ್ಲ, ಕುಗ್ಗುವುದೂ ಗೊತ್ತಿಲ್ಲ. ಆದ್ದರಿಂದ ಮೇಲೆ ನೋಡುವಾಗ ಏಳದ ಆ ರೆಪ್ಪೆ ಕೆಳಗೆ ನೋಡುವಾಗ ಪೂರ್ತಿ ಇಳಿಯುವುದೂ ಇಲ್ಲ. ನಾವು ಆರು ತಿಂಗಳು ಔಡಲೆಣ್ಣೆ ತಿಕ್ಕಿದ್ದು ಈ ನಾರಿಗೆ.

ಮಗಳು ತಡೆದು ತಡೆದು ಗ್ರಹಣದ ವಿಷಯ ಕೇಳಿದಳು. ವೈದ್ಯೆ ನಗಲಿಲ್ಲ. ತಾಳ್ಮೆಯಿಂದ ಲೆಕ್ಕ ಹೇಳಿದರು. ಗರ್ಭದಲ್ಲಿ ರೆಪ್ಪೆಗಳು ಎರಡನೆಯ ತಿಂಗಳಲ್ಲೇ ಮೂಡುತ್ತವೆ. ಮೂರನೆಯ ತಿಂಗಳ ಹೊತ್ತಿಗೆ ಮೇಲಿನ ರೆಪ್ಪೆ ಕೆಳಗಿನ ರೆಪ್ಪೆಗೆ ಅಂಟಿಕೊಂಡು, ಒಳಗೆ ಕಣ್ಣು ಬೆಳೆಯುತ್ತದೆ. ಐದರಿಂದ ಏಳನೆಯ ತಿಂಗಳೊಳಗೆ ಮತ್ತೆ ಬಿಡಿಸಿಕೊಳ್ಳುತ್ತವೆ. 'ಗ್ರಹಣದ ದಿನ ನಿಮಗೆ ಎಷ್ಟು ತಿಂಗಳು?' ಮಗಳು ಎಣಿಸಿದಳು, ಎಂಟು. 'ಹಾಗಾದರೆ ಆ ದಿನಕ್ಕೆ ಎಷ್ಟೋ ಮೊದಲೇ ರೆಪ್ಪೆಯ ಕೆಲಸವೆಲ್ಲ ಮುಗಿದಿತ್ತು. ನೀವು ಅಂದು ಬಿಸಿಲಿಗೆ ಹೋದರೂ ಅಷ್ಟೆ, ಕತ್ತಲೆಯಲ್ಲಿ ಕುಳಿತರೂ ಅಷ್ಟೆ.' ಗ್ರಹಣಕ್ಕೂ ಕೂಸಿನ ಅಂಗಕ್ಕೂ ಸಂಬಂಧವಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಮಗಳು ನಂಬುತ್ತಿದ್ದಳೋ ಇಲ್ಲವೋ. ತಿಂಗಳ ಲೆಕ್ಕ ಅವಳಿಗೆ ಹಿಡಿಸಿತು. ಅವಳು ಲೆಕ್ಕಪತ್ರದ ಕೆಲಸ ಮಾಡುವವಳು.

ಆಗ ನಾವು ಕಾಕಾರ ವಿಷಯವನ್ನೂ ಹೇಳಿದೆವು, ಅಳಿಯನ ಎದುರಿಗೇ. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದುಂಟು, ಆದರೆ ಹೆಚ್ಚಿನ ಮಕ್ಕಳಲ್ಲಿ ಯಾವ ಹಿನ್ನೆಲೆಯೂ ಇಲ್ಲದೆ ಬರುತ್ತದೆ. ಇವಳದು ಯಾವುದೆಂದು ಒಬ್ಬ ಹಿರಿಯರ ಉದಾಹರಣೆಯಿಂದ ಹೇಳಲಾಗದು ಎಂದರು ಅವರು. ಎರಡೂ ಕಣ್ಣುಗಳ ಸೀಳು ಚಿಕ್ಕದಾಗಿ, ರೆಪ್ಪೆ ಇಳಿದು, ಒಳಮೂಲೆಯಲ್ಲಿ ಕೆಳಗಿನಿಂದ ಚರ್ಮದ ಮಡಿಕೆ ಎದ್ದಿರುವ ಇನ್ನೊಂದು ಬಗೆ ಮಾತ್ರ ಖಚಿತವಾಗಿ ವಂಶದಲ್ಲಿ ಹರಿಯುತ್ತದೆ. ಅದಕ್ಕೆ ಕಾರಣವಾದ ಜೀನು 2001ರಲ್ಲಿ ಪತ್ತೆಯಾಯಿತು. ಆ ಬಗೆಯ ಕೆಲವು ಮನೆತನಗಳಲ್ಲಿ ಹೆಣ್ಣುಮಕ್ಕಳ ಮುಟ್ಟು ಬಹಳ ಬೇಗ ನಿಂತುಹೋಗುವುದೂ ಉಂಟಾದ್ದರಿಂದ ವೈದ್ಯರು ಮನೆತನದ ವಿಚಾರ ಕೇಳುವುದು ಕುತೂಹಲಕ್ಕಲ್ಲ. ನಾವು ಮುಚ್ಚಿಟ್ಟಿದ್ದಕ್ಕೆ ಅವರು ಬೈಯಲಿಲ್ಲ. ಅಳಿಯ ಮಾತ್ರ, 'ಮಾಮಾ, ಇಷ್ಟ ಹೇಳಲಿಕ್ಕೆ ಹೆದರಿದ್ರೇನು?' ಎಂದ. ನಮಗೆ ನಾಚಿಕೆಯಾಯಿತು.

ಇನ್ನು ಆ ನೇತ್ರ ಶಿಬಿರದ ಒಗಟು. ಅದೂ ಆ ದಿನವೇ ಒಡೆಯಿತು. ಹುಟ್ಟಿದ ಕೂಸಿಗೆ ಕಣ್ಣು ಇರುತ್ತದೆ, ನೋಟ ಇರುವುದಿಲ್ಲ. ನೋಡುವುದನ್ನು ಮಿದುಳು ಕಲಿಯಬೇಕು. ಅದು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ ವೇಗವಾಗಿ. ಒಂದು ಕಣ್ಣಿನಿಂದ ಚಿತ್ರ ಬರುತ್ತ, ಇನ್ನೊಂದರಿಂದ ಬಾರದಿದ್ದರೆ ಮಿದುಳು ಬಂದ ಕಣ್ಣಿಗೆ ಮಣೆ ಹಾಕಿ, ಬಾರದ ಕಣ್ಣನ್ನು ಮರೆತುಬಿಡುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಿ, ಕೆಲವು ತಿಂಗಳ ಮೇಲೆ ಬಿಚ್ಚಿ ನೋಡಿದರು. ಕಣ್ಣು ಸರಿಯಾಗಿತ್ತು, ಆದರೆ ಮಿದುಳಿನಲ್ಲಿ ಆ ಕಣ್ಣಿನ ಮಾತು ಕೇಳುವವರೇ ಇರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆಯೇ ಮಾಡಿದರೆ ಏನೂ ಆಗುತ್ತಿರಲಿಲ್ಲ. ಈ ಕೆಲಸವೂ ಸೇರಿದಂತೆ ಅವರ ಸಂಶೋಧನೆಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಕಾಕಾರ ರೆಪ್ಪೆಯನ್ನು ಯಾರೂ ಹೊಲಿದಿರಲಿಲ್ಲ, ಆದರೆ ಆದದ್ದು ಅದೇ. 1974ರ ಆ ವೈದ್ಯರು ಸರಿಯಾಗಿಯೇ ಹೇಳಿದ್ದರು. ಕಾಕಾಗೆ ಆಗ ಐವತ್ತು ದಾಟಿತ್ತು.

ಪಾಪೆ ತೆರೆದೇ ಇದ್ದು ರೆಪ್ಪೆ ಸ್ವಲ್ಪ ಇಳಿದಿದ್ದರೆ ಅವಸರವಿಲ್ಲ. ಮೂರರಿಂದ ಐದು ವರ್ಷದವರೆಗೆ ಕಾಯಬಹುದು. ಆಗ ಅಳತೆಯೂ ಸರಿಯಾಗಿ ಸಿಗುತ್ತದೆ. ಆದರೆ ಆ ಕಾಯುವ ಕಾಲದಲ್ಲಿಯೂ ಆಗಾಗ ತೋರಿಸುತ್ತಿರಬೇಕು, ಏಕೆಂದರೆ ರೆಪ್ಪೆಯ ಭಾರಕ್ಕೆ ಕಣ್ಣಿನ ಗುಂಡು ಓರೆಯಾಗಿ ಕನ್ನಡಕ ಬೇಕಾಗುವುದುಂಟು. ಪಾಪೆಯನ್ನೇ ರೆಪ್ಪೆ ಮುಚ್ಚಿದ್ದರೆ ಕಾಯುವಂತಿಲ್ಲ. 'ಈಗಲೂ ತಡವೇನಲ್ಲ, ಆದರೆ ಇನ್ನು ತಡ ಮಾಡಬೇಡಿ' ಎಂದರು. ನಾವು ಹೇಳುತ್ತ ಬಂದ 'ದೊಡ್ಡಕಿ ಆದಮ್ಯಾಲ' ಎಂಬ ಮಾತು ಎಷ್ಟು ದುಬಾರಿಯಾಗುತ್ತಿತ್ತು ಎಂಬುದು ಆಗ ತಿಳಿಯಿತು.

2020ರ ನವೆಂಬರಿನಲ್ಲಿ, ಒಂಬತ್ತು ತಿಂಗಳು ತುಂಬಿದಾಗ ಶಸ್ತ್ರಚಿಕಿತ್ಸೆಯಾಯಿತು. ಸ್ನಾಯುವಿಗೆ ಒಂದಿಷ್ಟಾದರೂ ಶಕ್ತಿಯಿದ್ದರೆ ಅದನ್ನೇ ಕತ್ತರಿಸಿ ಗಿಡ್ಡ ಮಾಡಿ ರೆಪ್ಪೆಯನ್ನು ಎತ್ತುತ್ತಾರೆ. ಶಕ್ತಿಯೇ ಇಲ್ಲದಿದ್ದರೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಇವಳಿಗೆ ಮಾಡಿದ್ದು ಎರಡನೆಯದು. ರೆಪ್ಪೆಯ ಅಂಚಿನಿಂದ ಹುಬ್ಬಿನವರೆಗೆ ಚರ್ಮದ ಕೆಳಗೆ ತೆಳುವಾದ ಸಿಲಿಕೋನ್ ದಾರ ಹಾಯಿಸಿ ಬಿಗಿದರು. ಹುಬ್ಬು ಏರಿಸಿದರೆ ರೆಪ್ಪೆ ಏಳುತ್ತದೆ. ಬಾವಿಯ ಗಾಲಿಗೆ ಹಗ್ಗ ಕಟ್ಟಿದಂತೆ ಎಂದು ನಾವು ಬೀಗಿತ್ತಿಗೆ ವಿವರಿಸಿದೆವು. ದೊಡ್ಡ ಮಕ್ಕಳಿಗೆ ತೊಡೆಯಿಂದ ತೆಗೆದ ನಾರಿನ ಪಟ್ಟಿಯನ್ನೇ ದಾರವಾಗಿ ಬಳಸುತ್ತಾರೆ, ಅದು ಹೆಚ್ಚು ಕಾಲ ಬಾಳುತ್ತದೆ. ಆದರೆ ಮೂರು ವರ್ಷವಾದರೂ ಆಗದ ಮಗುವಿನ ತೊಡೆಯಲ್ಲಿ ಬೇಕಾದಷ್ಟು ಉದ್ದದ ಪಟ್ಟಿ ಸಿಗುವುದಿಲ್ಲ. ಸಿಲಿಕೋನ್ ಸಡಿಲವಾದರೆ ಮುಂದೆ ಅದನ್ನು ಮಾಡೋಣವೆಂದರು. ಈವರೆಗೆ ಆ ಪ್ರಸಂಗ ಬಂದಿಲ್ಲ.

ಆಪರೇಶನ್ ಕೋಣೆಗೆ ಮಗುವನ್ನು ಒಯ್ಯುವಾಗ ಒಬ್ಬರಿಗೆ ಮಾತ್ರ ಹತ್ತಿರ ಹೋಗಲು ಅನುಮತಿ. ಮಗಳು ಹೋದಳು. ನಾವಿಬ್ಬರೂ ಕೆಳಗೆ ರಸ್ತೆಯ ಬದಿಯಲ್ಲಿ, ಮುಖವಸ್ತ್ರದೊಳಗೆ ಉಸಿರು ಬಿಡುತ್ತ ನಿಂತಿದ್ದೆವು. ಯಾವ ದೇವರ ಹೆಸರೂ ನೆನಪಿಗೆ ಬರಲಿಲ್ಲ. ಬಂದದ್ದು ಕಾಕಾರ ಹೊಸ ಕುಡುಗೋಲು.

ಮೂರನೆಯ ದಿನ ಪಟ್ಟಿ ಬಿಚ್ಚಿದ ಮೇಲೆ ಎರಡೂ ಕಣ್ಣು ತೆರೆದು ಅವಳು ನಮ್ಮನ್ನು ನೋಡಿದಳು. ಕೆಲಸ ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ. ಕಟ್ಟಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ. ಬಿಳಿ ಗುಡ್ಡೆ ಸ್ವಲ್ಪ ಕಾಣುತ್ತಲೇ ಇರುತ್ತದೆ. ಮೊದಲ ರಾತ್ರಿ ನೋಡಿ ನಾವು ಬೆಚ್ಚಿಬಿದ್ದೆವು. ಕಣ್ಣು ಒಣಗಿ ಗಾಯವಾಗದಂತೆ ರಾತ್ರಿ ಮುಲಾಮು, ಹಗಲು ಹನಿ ಹಾಕಬೇಕು. ಮುಲಾಮು ಹಾಕುವ ಕೆಲಸವನ್ನು ನಾವು ವಹಿಸಿಕೊಂಡೆವು. ಔಡಲೆಣ್ಣೆ ತಿಕ್ಕಿದ ಅದೇ ಬೆರಳುಗಳು.

ಆಮೇಲೆ ಕನ್ನಡಕ, ಆಮೇಲೆ ಪಟ್ಟಿ. ಹಿಂದೆ ಬಿದ್ದ ಎಡಗಣ್ಣಿಗೆ ಪಾಠ ಹೇಳಬೇಕೆಂದರೆ ಮುಂದಿದ್ದ ಬಲಗಣ್ಣನ್ನು ದಿನಕ್ಕೆ ಎರಡು ಗಂಟೆ ಮುಚ್ಚಬೇಕು. ಎರಡು ವರ್ಷದ ಮಗು ತನಗೆ ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿಸಿಕೊಳ್ಳಲು ಒಪ್ಪೀತೇ? ಕಿತ್ತು ಬಿಸಾಡಿತು, ಚೀರಿತು, ಅಜ್ಜಿಯ ಕೈ ಕಚ್ಚಿತು. ಕೊನೆಗೆ ನಾವಿಬ್ಬರೂ ನಮ್ಮ ನಮ್ಮ ಬಲಗಣ್ಣಿಗೆ ಪಟ್ಟಿ ಅಂಟಿಸಿಕೊಂಡು ಕುಳಿತೆವು. ಗೊಂಬೆಗೂ ಒಂದು ಅಂಟಿಸಿದೆವು. ಆಗ ಅವಳು ಒಪ್ಪಿದಳು. ಒಂದು ಕಣ್ಣಿನಿಂದ ಚಹಾ ಸೋಸಲು ಹೋಗಿ ಕಪ್ಪಿನ ಹೊರಗೆ ಸುರಿದ ದಿನ, ಕಾಕಾ ಒಂದೇ ಕಣ್ಣಿನಲ್ಲಿ ಜೀವನವಿಡೀ ಬಾವಿಯಿಂದ ನೀರು ಸೇದಿದ್ದು, ಎತ್ತು ಹೂಡಿದ್ದು ನೆನಪಾಯಿತು. ದೂರ ಹತ್ತಿರಗಳ ಅಂದಾಜು ಸಿಗಲು ಎರಡು ಕಣ್ಣು ಬೇಕೆಂಬುದನ್ನು ನಾವು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ.

ಎರಡು ವರ್ಷ ಹೀಗೆ ಪಟ್ಟಿ ಕಟ್ಟಿದ ಮೇಲೆ ಎಡಗಣ್ಣು ಬಲಗಣ್ಣಿನ ಹತ್ತಿರಕ್ಕೆ ಬಂದಿತು. ಸಮನಾಗಿಲ್ಲ. ತಪಾಸಣೆಯ ಫಲಕದಲ್ಲಿ ಬಲಗಣ್ಣು ಓದುವ ಕೊನೆಯ ಸಾಲನ್ನು ಎಡಗಣ್ಣು ಓದುವುದಿಲ್ಲ. ಅದರ ಮೇಲಿನ ಸಾಲಿಗೆ ನಿಲ್ಲುತ್ತದೆ. ಆರು ತಿಂಗಳು ಮುಂಚೆ ಬಂದಿದ್ದರೆ ಆ ಸಾಲೂ ಸಿಗುತ್ತಿತ್ತೇ ಎಂದು ನಾವು ವೈದ್ಯೆಯನ್ನು ಕೇಳಿದೆವು. 'ಹಾಗೆ ಹೇಳಲಾಗದು' ಎಂದರು ಅವರು. ಅದು ದಯೆಯ ಮಾತೋ ವಿಜ್ಞಾನದ ಮಾತೋ ನಮಗೆ ತಿಳಿಯದು. ಆ ಒಂದು ಸಾಲಿನಲ್ಲಿ ಕರೋನಾದ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ನಾವಿಬ್ಬರೂ ರಾತ್ರಿ ನಿದ್ದೆ ಬಾರದಾಗ ಲೆಕ್ಕ ಹಾಕುವುದುಂಟು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಜ್ಜ ಅಜ್ಜಿಯರು ಬಹಳ. ಮಗ ಸೊಸೆ, ಮಗಳು ಅಳಿಯ ಕೆಲಸಕ್ಕೆ ಹೋದಾಗ ಕೂಸನ್ನು ಇಡೀ ದಿನ ನೋಡುವವರು ನಾವೇ. ಆದ್ದರಿಂದ ನಾವು ಕಲಿತದ್ದನ್ನು ಬರೆಯುತ್ತೇವೆ. ಬೆಳಕಿನಲ್ಲಿ ಕೂಸಿನ ಮುಖವನ್ನು ನೇರವಾಗಿ ನೋಡಿ. ಎರಡೂ ಪಾಪೆಗಳು ಪೂರ್ತಿ ಕಾಣುತ್ತವೆಯೇ? ಒಂದು ರೆಪ್ಪೆಯ ಮೇಲೆ ಗೆರೆ ಇಲ್ಲವೇ? ಗದ್ದವೆತ್ತಿ ನೋಡುತ್ತದೆಯೇ? ಹಾಲು ಕುಡಿಯುವಾಗ ರೆಪ್ಪೆ ಹಾರುತ್ತದೆಯೇ? ರೆಪ್ಪೆಯ ಅಂಚಿನಲ್ಲಿ ಕಚ್ಚು ಬಿದ್ದಂತೆ ಖಾಲಿ ಜಾಗವಿದೆಯೇ? ಅಂಥ ಕಚ್ಚಿನಿಂದ ಕಣ್ಣು ಮುಚ್ಚದೆ ಕರಿಗುಡ್ಡೆ ಒಣಗುತ್ತದೆ. ದೊಡ್ಡ ಕಚ್ಚಾದರೆ ಬೇಗ ಹೊಲಿಯಬೇಕು; ಚಿಕ್ಕದಾದರೆ ಹನಿ, ಮುಲಾಮು ಹಾಕುತ್ತ ಕಾಯಬಹುದು. ಕೆಲವು ಕೂಸುಗಳಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ನಡುವೆ ದಾರದಂಥ ಎಳೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ವೈದ್ಯರಿಗೆ ಕ್ಷಣದ ಕೆಲಸ. ಮನೆಯಲ್ಲಿ ಕೈ ಹಾಕಬಾರದು.

ಹೆದರಬೇಕಾಗಿಲ್ಲದ್ದೂ ಇದೆ. ಮೂಗಿನ ಬದಿಯಲ್ಲಿ ಚರ್ಮದ ಮಡಿಕೆಯಿದ್ದು ಮೆಳ್ಳೆಗಣ್ಣಿನಂತೆ ಕಾಣುವ ಕೂಸುಗಳಲ್ಲಿ ಅನೇಕರಿಗೆ ಮೂಗು ಬೆಳೆದಂತೆ ಅದು ಮಾಯವಾಗುತ್ತದೆ. ಕೆಳಗಿನ ರೆಪ್ಪೆಯ ಚರ್ಮ ಮಡಿಚಿ ಕೂದಲು ಕಣ್ಣಿಗೆ ತಾಗುವುದೂ ಹಲವು ಮಕ್ಕಳಲ್ಲಿ ಮುಖ ಬೆಳೆದಂತೆ ಸರಿಹೋಗುತ್ತದೆ. ತಾನಾಗಿ ಸರಿಹೋಗುವುದು ಯಾವುದು, ಹೋಗದಿರುವುದು ಯಾವುದು ಎಂದು ಹೇಳಬೇಕಾದವರು ಮಾತ್ರ ನಾವಲ್ಲ. ಸುಶ್ರುತನ ಗ್ರಂಥದಲ್ಲಿ ಎಣಿಸಿದ 76 ನೇತ್ರರೋಗಗಳಲ್ಲಿ 21 ರೆಪ್ಪೆಯವೇ. ಅವನೇ ಅಷ್ಟು ಬಗೆ ಮಾಡಿದ್ದನ್ನು ನಾವು 'ದೊಡ್ಡಕಿ ಆದಮ್ಯಾಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆವು.

ಇನ್ನೊಂದು ಮಾತು. ಮನೆತನದಲ್ಲಿ ಯಾರಿಗೆ ಏನಿತ್ತು ಎಂದು ವೈದ್ಯರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕನ್ನಡಕದ ಬಣ್ಣ ತಾನೇ ಆರಿಸಿದ್ದಾಳೆ, ನೇರಳೆ. ಹೋದ ರಜೆಯಲ್ಲಿ ಬೀಗಿತ್ತಿ ಬಂದಾಗ ಕಾಕಾರ ಫೋಟೋ ಕೇಳಿ ತೆಗೆಸಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಾಪ, ಇವರಿಗೆ ಯಾರೂ ಇರಲಿಲ್ಲ ಅನ್ರಿ' ಎಂದರು. ಮೊಮ್ಮಗಳು ಪಕ್ಕದಿಂದ ಇಣುಕಿ, 'ಈ ಅಜ್ಜಾರ ಕಣ್ಣಿಗೆ ದಾರ ಯಾಕ ಕಟ್ಟಿಸಿಲ್ಲ?' ಎಂದು ಕೇಳಿದಳು. ಆಗ ಗೊತ್ತಿರಲಿಲ್ಲ ಎಂದು ಹೇಳಿದೆವು. ಫೋಟೋವನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ಅದೀಗ ಗೋಡೆಯ ಮೇಲಿದೆ.